ಕುರುಗೋಡಿನ ಕಲ್ಲೂ ಕಂಟೋನ್ಮೆಂಟಿನ ಕಬ್ಬಿಣವೂ

ಒಂದು ಕಲ್ಲನ್ನು ನೆಲದಿಂದ ಎದೆಯವರೆಗೆ ಎತ್ತುವುದರಲ್ಲಿ ಅಂಥ ಕಷ್ಟವೇನಿದೆ? ಬಗ್ಗಬೇಕು, ಹಿಡಿಯಬೇಕು, ಏಳಬೇಕು. ಮೂರೇ ಕೆಲಸ. ಇದರಲ್ಲಿ ಮೊದಲನೆಯದನ್ನು ನಾನು ಕಚೇರಿಯಲ್ಲಿ ದಿನಕ್ಕೆ ನೂರು ಸಲ ಮಾಡುತ್ತಿದ್ದೆ. ಹೀಗಾಗಿ ವಿದ್ಯೆಯ ಮೂರರಲ್ಲೊಂದು ಪಾಲು ನನಗೆ ಆಗಲೇ ಕರಗತವಾಗಿತ್ತು. ಉಳಿದ ಎರಡು ಪಾಲನ್ನು ಒಂದು ವರ್ಷದಲ್ಲಿ ಕಲಿಯಲಾರೆನೇ ಎಂಬ ಧೈರ್ಯ ನನಗಿತ್ತು.

ನಾನು ಬಳ್ಳಾರಿಯ ಒಂದು ಕಚೇರಿಯಲ್ಲಿ ನಕಲು ಗುಮಾಸ್ತ. ಹೆಸರು ಶ್ರೀನಿವಾಸರಾವ್. ದೊರೆಗಳು ಗೀಚಿದ ಇಂಗ್ಲಿಷ್ ಕಾಗದವನ್ನು ಮುತ್ತಿನಂಥ ಅಕ್ಷರದಲ್ಲಿ ಇನ್ನೊಂದು ಕಾಗದಕ್ಕೆ ಇಳಿಸುವುದು ನನ್ನ ಉದ್ಯೋಗ. ಇಳಿಸುವುದು ಮಾತ್ರ. ಓದುವುದು ನನ್ನ ಉದ್ಯೋಗವಲ್ಲ. ಓದುತ್ತ ಕುಳಿತರೆ ನಕಲು ತಡವಾಗುತ್ತದೆ. ಅರ್ಥವಾದರಂತೂ ಕೈ ನಡುಗುತ್ತದೆ. ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ಕಾಗದದ ಅರ್ಥವೂ ನನ್ನ ತಲೆಗೆ ಹೋಗಿಲ್ಲ ಎಂದು ನಾನು ಹೆಮ್ಮೆಯಿಂದ ಹೇಳಬಲ್ಲೆ. ಈ ಸೇವೆಯ ಫಲವಾಗಿ ನನ್ನ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಒಳ್ಳೆಯ ಬಲ ಬಂದಿತ್ತು. ಉಳಿದ ದೇಹ ಆ ಎರಡು ಬೆರಳಿಗೆ ಹೇಗೋ ಜೋತುಬಿದ್ದಿತ್ತು.

ಇಂಥ ನನಗೆ ಕಲ್ಲಿನ ಉಸಾಬರಿ ಯಾಕೆ ಬೇಕಿತ್ತು? ಬೇಕಿರಲಿಲ್ಲ. ಅದು ಮದುವೆಯ ಜೊತೆಗೆ ಬಂದದ್ದು.

ನನ್ನ ಹೆಂಡತಿ ರುಕ್ಕೂವಿನ ತವರು ಸಿರುಗುಪ್ಪದ ಹತ್ತಿರದ ದೇಶನೂರು. ಗದ್ದೆಯ ಅಕ್ಕಿ, ಮನೆಯ ಹಾಲು ಉಂಡು ಬೆಳೆದ ಮಂದಿ. ಆ ಮನೆಯಲ್ಲಿ ಒಂದು ಪದ್ಧತಿ ಇದೆ. ಯುಗಾದಿಯ ದಿನ ಮನೆಯ ಅಳಿಯಂದಿರೆಲ್ಲ ಊರ ಹನುಮಂತದೇವರ ಗುಡಿಯ ಮುಂದೆ ಬಿದ್ದಿರುವ ಗುಂಡುಕಲ್ಲನ್ನು ಎದೆಯವರೆಗೆ ಎತ್ತಬೇಕು. ಎತ್ತಿದವನಿಗೆ ಅತ್ತೆಯ ಮನೆಯ ಜರಿ ರುಮಾಲು. ಎತ್ತದವನಿಗೆ ಅರಿಶಿನ ಕುಂಕುಮದ ಸಮೇತ ತಟ್ಟೆಯಲ್ಲಿ ಒಂದು ಕುಪ್ಪಸದ ಕಣ! ರುಕ್ಕೂವಿನ ಅಕ್ಕಂದಿರ ಗಂಡಂದಿರಿಬ್ಬರೂ ವರ್ಷಾ ವರ್ಷಾ ರುಮಾಲು ಸುತ್ತಿಕೊಂಡು ಮೀಸೆ ತಿರುವುತ್ತಿದ್ದರು. ನನ್ನ ಮನೆಯಲ್ಲಿ ನಾಲ್ಕು ಕಣ ಕೂಡಿಬಿದ್ದಿದ್ದವು.

ನನಗೆ ಅದರಿಂದ ಬೇಸರವೇನೂ ಇರಲಿಲ್ಲ. ಕಣ ಒಳ್ಳೆಯ ಕಣವೇ. ಆದರೆ ಐದನೆಯ ಯುಗಾದಿಗೆ, ಐದನೆಯ ಕಣ ತಟ್ಟೆಯಲ್ಲಿ ಬಂದಾಗ, ರುಕ್ಕೂವಿನ ತಮ್ಮ ರಾಘಪ್ಪ ಎಲ್ಲರೆದುರಿಗೆ ಹೇಳಿಬಿಟ್ಟ:

"ಭಾವನವರ, ಹಸರು ಬಣ್ಣದ್ದು ನಿಮಗ ಒಪ್ಪತದ. ಹೊಲಿಸಿಕೊಂಡು ಕಚೇರಿಗೆ ಹೋಗ್ರಿ!"

ನಾನು ನಕ್ಕೆ. ರುಕ್ಕೂ ನಗಲಿಲ್ಲ. ಅವಳ ಮುಖ ಕೆಂಪಾಯಿತು, ಕಣ್ಣು ತುಂಬಿತು. ಬಾಗಿಲಲ್ಲಿ ನಿಂತು ಒಂದೇ ಉಸಿರಿನಲ್ಲಿ ಹೇಳಿದಳು:

"ಮುಂದಿನ ಯುಗಾದಿಗೆ ನಮ್ಮವರು ಎತ್ತತಾರ. ಎತ್ತಿದ ಮ್ಯಾಲೇನ ನಾ ಈ ಹೊಸ್ತಿಲ ದಾಟತೀನಿ. ಎತ್ತದಿದ್ರ ಈ ಮನಿಗೆ ಮತ್ತ ಕಾಲಿಡೂದಿಲ್ಲ. ಹನುಮಪ್ಪನ ಆಣಿ!"

ಅವಳ ತಾಯಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಆಣೆ ಎಂದರೆ ಆಣೆ. ಹೆಣ್ಣುಮಗಳಿಗೆ ತವರೆಂದರೆ ಏನು ಎಂಬುದು ನನಗೂ ಗೊತ್ತು. ತವರಿನ ಮಾತು ಬಂದರೆ ಅವಳು ಒಲೆಯ ಮೇಲಿನ ಹಾಲು ಮರೆಯುತ್ತಾಳೆ. ಅಂಥ ತವರನ್ನು ಅವಳು ನನ್ನ ತೋಳಿನ ಮೇಲೆ ಪಣಕ್ಕಿಟ್ಟಿದ್ದಳು. ಪಣಕ್ಕಿಡಲು ಅವಳಿಗೆ ಇನ್ನೊಂದು ವಸ್ತು ಸಿಗಲಿಲ್ಲವೇ ಎಂದು ನನಗೆ ಈಗಲೂ ಮರುಕವಾಗುತ್ತದೆ.

ಅವಳು ಅಷ್ಟಕ್ಕೇ ಬಿಡಲಿಲ್ಲ. ಹೊರಡುವ ಮುಂಚೆ ಗುಡಿಗೆ ಹೋಗಿ, ಒಂದು ನೂಲಿನ ದಾರದಿಂದ ಆ ಗುಂಡುಕಲ್ಲಿನ ಸುತ್ತಳತೆ ತೆಗೆದು, ಗಂಟು ಹಾಕಿ, ಕುಂಕುಮದ ಭರಣಿಯಲ್ಲಿ ಇಟ್ಟುಕೊಂಡು ಬಂದಳು. "ಇದೇ ಅಳತಿದು ಒಂದು ಕಲ್ಲು ಮಾಡಿಸ್ರಿ. ದಿನಾ ಮನ್ಯಾಗ ಎತ್ತಿ ರೂಢಿ ಮಾಡಿಕೊಳ್ರಿ," ಎಂದಳು.

ಮೊದಲ ಆರು ತಿಂಗಳು ನಾನು ಮನಸ್ಸಿನಲ್ಲೇ ಕಸರತ್ತು ಮಾಡಿದೆ. ದಸರಾ ಕಳೆದ ಮೇಲೆ ರುಕ್ಕೂ ಭರಣಿಯಿಂದ ದಾರ ತೆಗೆದು ನನ್ನ ಊಟದ ಎಲೆಯ ಪಕ್ಕದಲ್ಲಿ ಇಟ್ಟಳು. ಮರುದಿನವೇ ಕುರುಗೋಡಿಗೆ ಬಂಡಿ ಕಟ್ಟಿಸಿದೆ.

ಅದಕ್ಕೂ ಮುಂಚೆ ನಮ್ಮ ಶಿರಸ್ತೇದಾರ ವೆಂಕೋಬರಾಯರು ಒಂದು ಮಾತು ಹೇಳಿದ್ದರು. ರಾಯರೆಂದರೆ ಕಚೇರಿಯಲ್ಲಿ ನನ್ನ ಮೇಲಿನವರು. ಬೂಟು ಹಾಕಿಕೊಂಡು ಸಂಧ್ಯಾವಂದನೆಗೆ ಕೂಡುವುದೊಂದು ಬಾಕಿ, ಅಷ್ಟು ಇಂಗ್ಲಿಷ್ ಮೋಹ. "ಕಲ್ಲು ಎತ್ತೋದು ಹಮಾಲರ ಕೆಲಸರೀ. ಕಂಟೋನ್ಮೆಂಟಿನ ಅಂಗಡಿಗೆ ಇಂಗ್ಲೆಂಡಿನಿಂದ ಡಂಬೆಲ್ಸು ಬಂದಾವ. ಸೋಲ್ಜರ್ ಮಂದಿ ಅದನ್ನ ಎತ್ತೇ ಅರ್ಧ ಜಗತ್ತು ಗೆದ್ದಾರ," ಎಂದಿದ್ದರು. ಬೆಲೆ ಕೇಳಿದೆ. ಎರಡು ತಿಂಗಳ ಪಗಾರ! ಅರ್ಧ ಜಗತ್ತು ಗೆಲ್ಲುವವರಿಗೆ ಅದು ಸರಿ. ನನಗೆ ಬೇಕಾದದ್ದು ಒಂದು ರುಮಾಲು. ಆದ್ದರಿಂದ ಅಗ್ಗದ ಕಲ್ಲೇ ಉತ್ತಮವೆಂದು ನಾನು ತೀರ್ಮಾನಿಸಿದೆ.

ಕುರುಗೋಡಿನಲ್ಲಿ ಬೆಟ್ಟ ಬಿಟ್ಟರೆ ಬಂಡೆ, ಬಂಡೆ ಬಿಟ್ಟರೆ ಬೆಟ್ಟ. ಬೆಟ್ಟದ ಬುಡದಲ್ಲಿ ಈರಪ್ಪ ಎಂಬ ಕಲ್ಲುಕುಟಿಗ ಕುಳಿತು ಒಂದು ಬಸವಣ್ಣನ ಕಿವಿ ತಿದ್ದುತ್ತಿದ್ದ. ದಾರ ಕೊಟ್ಟು ವಿಷಯ ಹೇಳಿದೆ.

"ಎತ್ತಾಕೇನ್ರೀ? ಯಾರು ಎತ್ತೋರು?"

"ನಾನೇ."

ಈರಪ್ಪ ನನ್ನನ್ನು ರುಮಾಲಿನಿಂದ ಚಪ್ಪಲಿಯವರೆಗೆ ನೋಡಿದ. ದಾರ ನೋಡಿದ. ಮತ್ತೆ ನನ್ನನ್ನು ನೋಡಿದ. "ಯಪ್ಪಾ, ಈ ದಾರ ನಿಮ್ಮ ಸುತ್ತ ಎಲ್ಡು ಸಲ ಬರ್ತೈತಿ ನೋಡ್ರಿ," ಎಂದ.

ಅವನ ಉದ್ಧಟತನವನ್ನು ಕ್ಷಮಿಸಿ ನಾನು ಬೆಲೆ ಮಾತಾಡಿದೆ. ಅವನು ಹೇಳಿದ್ದು ಅಗ್ಗವೇ. ಆದರೂ ಬಳ್ಳಾರಿಯ ಪೇಟೆಯಲ್ಲಿ ಬೆಳೆದವನು ಹೇಳಿದ ಬೆಲೆಗೆ ವಸ್ತು ತಂದರೆ ಮನೆಯಲ್ಲಿ ಮುಖ ತೋರಿಸುವುದು ಹೇಗೆ? ಜಗ್ಗಿದೆ. ಅವನು ಒಂದಿಷ್ಟು ಇಳಿಸಿದ. ಮತ್ತೆ ಜಗ್ಗಿದೆ. ಇನ್ನೊಂದಿಷ್ಟು ಇಳಿಸಿದ. ಆಮೇಲೆ ನನ್ನ ಜೀವಮಾನದ ಅತಿ ದೊಡ್ಡ ತಪ್ಪನ್ನು ಮಾಡಿದೆ.

"ಸರಿ. ಕೊಸರು ಏನು ಹಾಕ್ತಿ?"

ಈರಪ್ಪ ಉಳಿ ಕೆಳಗಿಟ್ಟ. "ಕೊಸರೇನ್ರೀ? ಇದೇನು ತೊಗರಿಬ್ಯಾಳಿ ಏನ್ರೀ, ಮ್ಯಾಲೊಂದು ಹಿಡಿ ಹಾಕಾಕ?"

"ಕೊಸರು ಇಲ್ಲದೆ ನಮ್ಮ ಮನೆಯೊಳಗ ಕಸಬರಿಗೀನೂ ಕೊಳ್ಳೂದಿಲ್ಲ. ಏನಾದರೂ ಹಾಕು."

"ಆತು ಬಿಡ್ರಿ. ಏನರೆ ಒಂದು ಮಾಡಿ ಕೊಡ್ತೀನಿ. ಹೋಗ್ರಿ," ಎಂದ. ಹಿಂದಿರುಗುವ ಹಾದಿಯುದ್ದಕ್ಕೂ ನಾನು ಕೊಸರು ಗೆದ್ದ ಸಂತೋಷದಲ್ಲಿದ್ದೆ.

ಕಾರ್ತೀಕದ ಒಂದು ಬೆಳಿಗ್ಗೆ ಕಲ್ಲು ಬಂತು. ಬಂಡಿಯವನೂ ಈರಪ್ಪನೂ ಕೂಡಿ ಇಳಿಸಿ ಜಗುಲಿಯ ಮೇಲಿಟ್ಟರು. ನೋಡಲು ಕುಂಬಳಕಾಯಿ, ಕರ್ರಗೆ, ನುಣ್ಣಗೆ, ಎಣ್ಣೆ ಹಚ್ಚಿದಂತೆ ಮಿಂಚುತ್ತಿತ್ತು. ಸುತ್ತಳತೆ ದಾರಕ್ಕೆ ಸರಿಯಾಗಿ ಗಂಟಿನಿಂದ ಗಂಟಿಗೆ ಬಂತು. ರುಕ್ಕೂವಿನ ಮುಖ ಅರಳಿತು.

"ಮ್ಯಾಲೆ ನೋಡ್ರಿ," ಎಂದ ಈರಪ್ಪ. ಕಲ್ಲಿನ ಮೇಲೆ ಒಂದು ಬಾಲ ಕೆತ್ತಿದ್ದ! ಬುಡದಿಂದ ಏರಿ, ತುದಿಯಲ್ಲಿ ಸುರುಳಿ ಸುತ್ತಿ, ಒಂದು ಸಣ್ಣ ಗಂಟೆಯನ್ನೂ ಕಟ್ಟಿಕೊಂಡ ಬಾಲ. "ಎತ್ತೋ ಕಲ್ಲಂದ್ರ ಹನುಮಪ್ಪಂದು. ಅದಕ್ಕ ಒಂದು ಬಾಲ ಹೊಡದೀನಿ. ರೊಕ್ಕ ಬ್ಯಾಡ್ರಿ. ಕೊಸರು!"

ನನ್ನ ವ್ಯವಹಾರ ಚಾತುರ್ಯಕ್ಕೆ ನಾನೇ ತಲೆದೂಗಿದೆ. ನಾಳೆ ಬೆಳಿಗ್ಗೆಯಿಂದ ಕಸರತ್ತು ಶುರು ಎಂದು ರುಕ್ಕೂವಿಗೆ ಘೋಷಿಸಿ ಕಚೇರಿಗೆ ಹೋದೆ.

ಸಂಜೆ ಬಂದು ನೋಡುತ್ತೇನೆ, ಬಾಗಿಲಲ್ಲಿ ಆರು ಜೊತೆ ಚಪ್ಪಲಿ, ಒಳಗೆ ಧೂಪ, ಆರತಿಯ ಹಾಡು. ನನ್ನ ಸೋದರತ್ತೆ ಭೀಮಕ್ಕ ನಮ್ಮ ಮನೆಯಲ್ಲೇ ಇರುವವಳು. ಮಡಿ, ವ್ರತ, ಉಪವಾಸ ಬಿಟ್ಟರೆ ಅವಳಿಗೆ ಬೇರೆ ವಿಷಯವಿಲ್ಲ. ಅವಳು ಅಂದು ಮಧ್ಯಾಹ್ನ ಜಪ ಮುಗಿಸಿ ಜಗುಲಿಗೆ ಬಂದಿದ್ದಾಳೆ. ಕರಿಕಲ್ಲು ಕಂಡಿದೆ. ಬಾಲ ಕಂಡಿದೆ. ಬಾಲದ ಗಂಟೆಯೂ ಕಂಡಿದೆ. ಇನ್ನೇನು ಬೇಕು? ಓಣಿಯ ಹೆಂಗಸರನ್ನು ಕೂಡಿಸಿ, ಕಲ್ಲನ್ನು ದೇವರ ಮನೆಗೆ ಸಾಗಿಸಿ, ಅಭಿಷೇಕ ಮಾಡಿ, ಸಿಂಧೂರ ಹಚ್ಚಿ, ತುಳಸಿ ಹಾಕಿ, ಹೆಸರುಬೇಳೆಯ ಕೋಸಂಬರಿಯನ್ನೂ ಹಂಚಿಬಿಟ್ಟಿದ್ದಳು.

"ಸೀನೂ! ಪ್ರಾಣದೇವರು ತಾನಾಗೇ ಮನಿ ಬಾಗಿಲಿಗೆ ಬಂದು ಕೂತಾನ! ನಿಮ್ಮಪ್ಪನ ಪುಣ್ಯ!"

"ಅತ್ತೀ, ಅದು ನಾನು ಕುರುಗೋಡಿನಿಂದ ಎತ್ತಲಿಕ್ಕೆ ತರಿಸಿದ ಕಲ್ಲು."

"ಎತ್ತಲಿಕ್ಕೆ?" ಅತ್ತೆ ಎದ್ದು ನಿಂತಳು. "ಸಾಕ್ಷಾತ್ ಭೀಮಸೇನಗೇ ಈ ಬಾಲ ಎತ್ತಲಿಕ್ಕೆ ಆಗಲಿಲ್ಲ. ನೀ ಎತ್ತತೀಯೇನೋ, ನಕಲು ಗುಮಾಸ್ತ?"

ಹೆಂಗಸರೆಲ್ಲ ನಕ್ಕರು. ಒಂದು ಸಲ ಪೂಜೆಯಾದ ಕಲ್ಲನ್ನು ಕಸರತ್ತಿಗೆ ಎಳೆಯುವಂತಿಲ್ಲ. ರುಕ್ಕೂ ಅಡುಗೆಮನೆಯ ಬಾಗಿಲಲ್ಲಿ ದಾರ ಹಿಡಿದುಕೊಂಡು ನಿಂತಿದ್ದಳು. "ನಾ ಸಂತಿಗೆ ಹೋದಾಗ ಎಲ್ಲಾ ಆಗಿಬಿಟ್ಟಿತ್ರೀ. ಈಗ ಹ್ಯಾಂಗ್ರೀ?" ಎಂದಳು. ಅವಳ ದನಿ ಸಣ್ಣದಾಗಿತ್ತು. ದೇವರೆದುರಿಗೆ ದೇವರ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ. ಆದ್ದರಿಂದ ನನ್ನ ಮೇಲೆ ಮಾಡಿಕೊಂಡಳು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ದೇವರ ಮನೆಯಲ್ಲಿ ದಿನಾ ಅಭಿಷೇಕ ಮಾಡಿದರೆ ನೀರು ನಿಲ್ಲುತ್ತದೆ. ಆದ್ದರಿಂದ ದೇವರು ದಿನಾ ಹಿತ್ತಲ ಬಾವಿಯ ಕಟ್ಟೆಗೆ ಸ್ನಾನಕ್ಕೆ ದಯಮಾಡಿಸಬೇಕು, ಮತ್ತೆ ಒಳಗೆ ದಯಮಾಡಿಸಬೇಕು ಎಂದು ಅತ್ತೆಯ ಅಪ್ಪಣೆಯಾಯಿತು. ದಯಮಾಡಿಸುವವರು ಯಾರು? ಮನೆಯಲ್ಲಿ ಮಡಿಯಲ್ಲಿರುವ ಗಂಡಸು ನಾನೊಬ್ಬನೇ. ಮೊದಲ ದಿನ ಉರುಳಿಸಿದೆ. "ದೇವರನ್ನ ಉಳ್ಳಾಡಸ್ತೀಯೇನೋ?" ಎಂದು ಅತ್ತೆ ಊಟ ಬಿಟ್ಟಳು. ಮರುದಿನದಿಂದ ಮಣೆಯ ಮೇಲಿಟ್ಟು ಎಳೆದೆ. ಹದಿನೈದು ದಿನಕ್ಕೆ ಮಣೆ ಸೀಳಿತು. ಆಮೇಲೆ ಒಂದೊಂದು ಮೆಟ್ಟಿಲಿಗೂ ಮೊಣಕಾಲೂರಿ, ಎದೆಗವಚಿಕೊಂಡು, ಏದುಸಿರು ಬಿಡುತ್ತ, ಮನಸ್ಸಿನಲ್ಲೇ ಈರಪ್ಪನ ಕುಲಕೋಟಿಯನ್ನು ನೆನೆಯುತ್ತ ಸಾಗಿಸಬೇಕಾಯಿತು. ಪ್ರತಿದಿನ ಬೆಳಿಗ್ಗೆ ಈ ಹಮಾಲಿ! ಇದು ಮುಗಿಯುವಷ್ಟರಲ್ಲಿ ಮೈಯೆಲ್ಲ ಬೆವರು. ಕಸರತ್ತಿಗೆ ಶಕ್ತಿಯಾದರೂ ಎಲ್ಲಿ ಉಳಿಯಬೇಕು?

ಯುಗಾದಿ ಹತ್ತಿರ ಬರುತ್ತಿತ್ತು. ಗತಿಯಿಲ್ಲದೆ ವೆಂಕೋಬರಾಯರಿಗೆ ಶರಣಾದೆ. ರಾಯರು ಗಲ್ಲ ಉಬ್ಬಿಸಿ, "ನಾ ಮೊದಲೇ ಹೇಳಿದ್ದೆ. ಅಗ್ಗದ ಮಾಲು ಅಡ್ಡಬಿತ್ತಲ್ಲ?" ಎಂದು ತಾವೇ ಕಂಟೋನ್ಮೆಂಟಿಗೆ ಕರೆದುಕೊಂಡು ಹೋದರು.

ಅಂಗಡಿಯೆಂದರೆ ಅದು ಅಂಗಡಿ! ಗಾಜಿನ ಬೀರು, ಮೇಜಿನ ಮೇಲೆ ಮಕಮಲ್ಲು, ಹಣೆಯ ಮೇಲೆ ನೊಣ ಕೂತರೂ ಅಲುಗಾಡದ ಅಂಗಡಿಯವನು. ಮೊದಲು ಅವನು ಒಂದು ದೊಡ್ಡ ಜೋಡಿ ಹೊರಗೆ ತೆಗೆದ. ಕರಿ ಕಬ್ಬಿಣ, ಎರಡು ತುದಿಗೆ ಎರಡು ಗುಂಡು. ಒಂದು ಕೈಯಿಂದ ಎತ್ತಿ ನೋಡಿದೆ. ಅದು ಮೇಜಿನ ಮೇಲೇ ಇತ್ತು, ನಾನು ಮಾತ್ರ ಕೆಳಗೆ ಹೋದೆ. ಅಂಗಡಿಯವನು ಏನೂ ಆಗದವನಂತೆ ಇನ್ನೊಂದು ಪೆಟ್ಟಿಗೆ ತೆರೆದ. ಆಹಾ! ಒಳಗೆ ಕೆಂಪು ಬಟ್ಟೆಯ ಹಾಸು. ಬೆಳ್ಳಿಯಂತೆ ಹೊಳೆಯುವ ಜೋಡಿ. ಹಿಡಿಗೆ ಮೆತ್ತಗಿನ ತೊಗಲು. ಎತ್ತಿದೆ. ಎದ್ದುಬಂತು! ಕೈ ತಲೆಯ ಮೇಲೆ ಹೋಗಿ ನಿಂತಿತು. ಇದಕ್ಕೆ ನೋಡಿ ಉತ್ತಮ ದರ್ಜೆ ಎನ್ನುವುದು ಎಂದು ನಾನು ಮೆಚ್ಚಿದೆ. ಹಮಾಲರ ಮಾಲಿಗೂ ಮರ್ಯಾದಸ್ಥರ ಮಾಲಿಗೂ ಇರುವ ವ್ಯತ್ಯಾಸವೇ ಇದು. ಜೊತೆಗೆ ಒಂದು ಇಂಗ್ಲಿಷ್ ಪುಸ್ತಿಕೆ. ಈ ಸಲ ನಾನು ಜಗ್ಗಲಿಲ್ಲ. ಕೊಸರನ್ನಂತೂ ಕೇಳಲೇ ಇಲ್ಲ.

ಮನೆಯಲ್ಲಿ ರುಕ್ಕೂ ಒಂದು ಡಂಬೆಲ್ಲನ್ನು ಎರಡು ಬೆರಳಿನಿಂದ ಹಿಡಿದೆತ್ತಿದಳು.

"ಇದು ನಮ್ಮ ಒನಕಿಗಿಂತ ಹಗುರ ಅದಲ್ರೀ?"

"ಇದು ಇಂಗ್ಲಿಷ್ ಭಾರ ರುಕ್ಕೂ. ಕೈಗೆ ತಿಳಿಯೂದಿಲ್ಲ. ನರಕ್ಕೆ ತಿಳೀತದ."

"ಪೆಟ್ಟಿಗಿ ಮ್ಯಾಲೆ ಯಾರೋ ಹೆಂಗಸಿನ ಚಿತ್ರ ಅದಲ್ಲ. ಅದ್ಯಾಕ?"

ನನಗೆ ನಗು ಬಂತು. ರೂಪಾಯಿಯ ಮೇಲೆ ಯಾರಿದ್ದಾರೆ? ಅಂಚೆಯ ಚೀಟಿಯ ಮೇಲೆ ಯಾರಿದ್ದಾರೆ? "ಹುಚ್ಚಿ, ಅದು ರಾಣಿ. ಸರ್ಕಾರದ ಮಾಲಿನ ಮ್ಯಾಲೆ ರಾಣಿ ಇಲ್ಲದೆ ಮತ್ಯಾರು ಇರತಾರ?" ಎಂದೆ.

"ರಾಣಿ ಕೈಯಾಗೂ ಡಂಬೆಲ್ಸು ಅವರೀ."

"ಅದು ರಾಜದಂಡ."

ಪುಸ್ತಿಕೆಯ ಕಾಗದ ತೆಳ್ಳಗಿತ್ತು. ಹರಿದೀತೆಂದು ಒಂದು ಭಾನುವಾರವಿಡೀ ಕುಳಿತು ಅದರ ಪೂರ್ತಿ ನಕಲು ತೆಗೆದೆ. ಮೊದಲ ಸಾಲಿನಿಂದ ಕೊನೆಯ ಚುಕ್ಕೆಯವರೆಗೆ ಒಂದು ತಪ್ಪಿಲ್ಲ. ಅಂಥ ಅಕ್ಷರ ನಾನು ದೊರೆಗಳಿಗೂ ಬರೆದುಕೊಟ್ಟಿಲ್ಲ. ಕಸರತ್ತನ್ನು ಚಿತ್ರ ನೋಡಿಯೇ ಕಲಿತೆ: ಮೊಣಕಾಲು ಬಗ್ಗಬಾರದು, ತೋಳು ನೀಳವಾಗಿ ಚಾಚಿರಬೇಕು, ಮುಖದಲ್ಲಿ ಮಂದಹಾಸ ಇರಬೇಕು. ಪ್ರತಿದಿನ ಆ ದರಿದ್ರ ಕಲ್ಲನ್ನು ಹೊತ್ತು ಸ್ನಾನ ಮಾಡಿಸಿ ಒಳಗಿಟ್ಟು, ಆಯಾಸ ಕಳೆಯಲು ಕಾಲು ಗಂಟೆ ಕುಳಿತು, ಆಮೇಲೆ ಮಂದಹಾಸದಿಂದ ಡಂಬೆಲ್ಸು ಬೀಸುತ್ತಿದ್ದೆ. ಎರಡೇ ತಿಂಗಳಲ್ಲಿ ಅಂಗಿಯ ತೋಳು ಬಿಗಿಯಾದವು. ಎದೆಯ ಗುಂಡಿ ಕಿತ್ತುಬಂತು. "ನೋಡಿದಿಯಾ ಇಂಗ್ಲಿಷ್ ಮಾಲಿನ ಮಹಿಮೆ?" ಎಂದು ರುಕ್ಕೂವಿಗೆ ತೋಳು ತೋರಿಸಿದೆ. ಅವಳು ಮುಟ್ಟಿ ನೋಡಿದಳು. ಬಹಳ ದಿನದ ಮೇಲೆ ನಕ್ಕಳು. ಆ ರಾತ್ರಿ ಅಡುಗೆಗೆ ಹೋಳಿಗೆ ಇತ್ತು.

ಯುಗಾದಿ ಬಂತು. ಹಿಂದಿನ ದಿನವೇ ಕಮಾನು ಬಂಡಿ ಸಿದ್ಧವಾಯಿತು. ಆಗ ಅತ್ತೆಯ ಹೊಸ ತಕರಾರು:

"ಹಬ್ಬದ ದಿನ ದೇವರನ್ನ ಉಪವಾಸ ಕೆಡವಿ ಹೋಗತೀರೇನು? ಪ್ರಾಣದೇವರೂ ಬರತಾನ!"

ಬಂದ. ನಾನೇ ಹೊತ್ತು ಬಂಡಿಗೇರಿಸಿದೆ. ಮರುದಿನ ಹೊತ್ತೇರಿ ಸಿರುಗುಪ್ಪ ತಲುಪಿದಾಗ, ಹೊಳೆ ಇಷ್ಟು ಹತ್ತಿರ ಇರುವಾಗ ದೇವರಿಗೆ ಹೊಳೆಯ ಸ್ನಾನ ಆಗಲೇಬೇಕೆಂದಳು. ಉಸುಕಿನಲ್ಲಿ ಹೊತ್ತುಕೊಂಡು ಇಳಿದೆ. ಮೀಯಿಸಿ ಹೊತ್ತುಕೊಂಡು ಹತ್ತಿದೆ. ಚೈತ್ರದ ಬಿಸಿಲು; ಉಸುಕು ಕಾದು ಹಂಚಾಗಿತ್ತು. "ಅತ್ತೀ, ಇವತ್ತು ನಾನು ಕಲ್ಲು ಎತ್ತೋದದ. ಇರೋ ಶಕ್ತಿ ಎಲ್ಲಾ ಇಲ್ಲೇ ಖರ್ಚಾತು," ಎಂದು ರೇಗಿದೆ. ಅತ್ತೆ, "ಅವನನ್ನ ಹೊತ್ತುಕೊಂಡ್ರ ಶಕ್ತಿ ಅವನೇ ಕೊಡತಾನ," ಎಂದಳು. ಇಂಥ ಮಾತಿಗೆ ಉತ್ತರ ಕೊಡುವುದು ಮರ್ಯಾದಸ್ಥರ ಲಕ್ಷಣವಲ್ಲ.

ದೇಶನೂರಿನಲ್ಲಿ ಬಂಡಿ ಮನೆಯ ಮುಂದೆ ನಿಂತಿತು. ರುಕ್ಕೂ ಇಳಿಯಲಿಲ್ಲ. ಅವಳ ತಾಯಿ ಆರತಿ ತಟ್ಟೆ ಹಿಡಿದು ಹೊಸ್ತಿಲಿನ ಆಚೆ, ಇವಳು ಬಂಡಿಯೊಳಗೆ ಈಚೆ. ನಡುವೆ ಹತ್ತು ಹೆಜ್ಜೆ. "ಹೋಗಿ ಬರ್ರಿ," ಎಂದಳು ನನಗೆ. ಅಷ್ಟೇ ಹೇಳಿದಳು. ಕೈಯಲ್ಲಿ ಕುಂಕುಮದ ಭರಣಿ ಗಟ್ಟಿಯಾಗಿ ಹಿಡಿದಿದ್ದಳು.

ನಾನು ಮಡಿ ಪಂಚೆಯುಟ್ಟು, ಡಂಬೆಲ್ಸಿನ ಪೆಟ್ಟಿಗೆಯನ್ನೂ ನನ್ನ ನಕಲನ್ನೂ ಬಗಲಲ್ಲಿಟ್ಟುಕೊಂಡು ಗುಡಿಗೆ ನಡೆದೆ. ಊರೇ ಕೂಡಿತ್ತು. ಷಡ್ಡಕರಿಬ್ಬರೂ ಆಗಲೇ ಎತ್ತಿ ರುಮಾಲು ಸುತ್ತಿದ್ದರು. ಇಬ್ಬರೂ ಎತ್ತಿದ್ದು ಹಳ್ಳಿಯ ರೀತಿ: ಕುಕ್ಕರಗಾಲಲ್ಲಿ ಕುಳಿತು, ಕಲ್ಲನ್ನು ಕೂಸಿನ ಹಾಗೆ ತಬ್ಬಿ, ಮುಖ ಸಿಂಡರಿಸಿ, "ಹುಂ" ಎಂದು ಏಳುವುದು. ಛೀ! ಅಂಥ ಅಸಭ್ಯ ಭಂಗಿ ನನ್ನ ಪುಸ್ತಿಕೆಯ ಯಾವ ಚಿತ್ರದಲ್ಲೂ ಇರಲಿಲ್ಲ. ನಾನು ಕಲ್ಲಿನ ಮುಂದೆ ನೆಟ್ಟಗೆ ನಿಂತೆ. ಮೊಣಕಾಲು ಬಗ್ಗಿಸಲಿಲ್ಲ. ತೋಳು ನೀಳವಾಗಿ ಚಾಚಿದೆ. ಬೆರಳ ತುದಿಯಿಂದ ಕಲ್ಲನ್ನು ಹಿಡಿದೆ. ಮಂದಹಾಸ ಬೀರಿದೆ. ಎಳೆದೆ.

ಕಲ್ಲು ಅಲುಗಲಿಲ್ಲ.

ಮಂದಹಾಸವನ್ನು ಸ್ವಲ್ಪ ಹೆಚ್ಚಿಸಿ ಮತ್ತೆ ಎಳೆದೆ. ಬೆರಳು ಜಾರಿತು. ನಾನು ಹಿಂದಕ್ಕೆ ಹೋಗಿ, ಗುಡಿಯ ಕಟ್ಟೆಗೆ ಬೆನ್ನು ತಾಗಿ, ಕುಳಿತೆ. ಊರೆಲ್ಲ ಹೋ ಎಂದಿತು.

"ಭಾವನವರು ದಣಿದಾರ, ಪಾನಕ ತರ್ರಿ!" ಎಂದ ರಾಘಪ್ಪ.

ಅಲ್ಲಿಗೆ ಸುಮ್ಮನಿದ್ದರೆ ಒಂದು ಕಣದಲ್ಲಿ ಹೋಗುತ್ತಿತ್ತು. ಆದರೆ ನನ್ನ ವಿದ್ಯೆಗೆ ಅವಮಾನವಾಗಿತ್ತು. ಎದ್ದು ನಿಂತು ಮಂದಿಗೆ ಹೇಳಿದೆ: "ನೀವೆಲ್ಲ ಎತ್ತೋದು ಶಾಸ್ತ್ರ ಇಲ್ಲದ ಎತ್ತು. ಇಂಗ್ಲೆಂಡಿನಲ್ಲಿ ಇದಕ್ಕೊಂದು ಶಾಸ್ತ್ರ ಅದ. ನನ್ನ ಹತ್ತಿರ ಪುಸ್ತಕ ಅದ!"

"ಓದ್ರಲಾ, ಕೇಳೋಣ," ಎಂದ ರಾಘಪ್ಪ. "ಕನ್ನಡದಾಗ ಅರ್ಥ ಮಾಡಿ ಹೇಳ್ರಿ."

ನಕಲನ್ನು ಬಿಚ್ಚಿದೆ. ನನ್ನ ಜೀವಮಾನದಲ್ಲಿ ಮೊದಲನೆಯ ಸಲ, ನಾನು ಬರೆದದ್ದನ್ನು ನಾನೇ ಅರ್ಥ ಮಾಡುತ್ತ ಓದಲಾರಂಭಿಸಿದೆ. ಗಂಭೀರ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ:

"ಈ ಸಾಧನವು... ವಿಶೇಷವಾಗಿ ತಯಾರಿಸಲ್ಪಟ್ಟಿರುವುದು... ನಾಜೂಕಾದ ಮೈಯುಳ್ಳ... ದೊರೆಸಾನಿಯರಿಗಾಗಿ..."

ನಿಂತೆ.

"ಮುಂದ ಓದ್ರಿ ಭಾವನವರ."

ಮುಂದೆ ಇದ್ದದ್ದು "ಮತ್ತು ಹತ್ತು ವರ್ಷದೊಳಗಿನ ಮಕ್ಕಳಿಗಾಗಿ" ಎಂದು. ನನ್ನದೇ ಮುತ್ತಿನಂಥ ಅಕ್ಷರದಲ್ಲಿ, ಕೆಳಗೆ ಎರಡು ಗೆರೆ ಎಳೆದು, ಅಂದವಾಗಿ ಬರೆದಿದ್ದೆ. ಪೆಟ್ಟಿಗೆಯ ಮೇಲಿನ ರಾಣಿ ನನ್ನನ್ನು ನೋಡಿ ಮಂದಹಾಸ ಬೀರುತ್ತಿದ್ದಳು. ಓದಲಿಲ್ಲ. ಓದುವ ಅವಶ್ಯಕತೆಯೂ ಇರಲಿಲ್ಲ. ಮಂದಿ ಆಗಲೇ ನೆಲಕ್ಕೆ ಬಿದ್ದು ನಗುತ್ತಿತ್ತು.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ; ಹಿಂದೆಯೇ ಊರೂ ಬಂತು. ನಗೆಯ ಸದ್ದು ನನಗಿಂತ ಮುಂಚೆ ಬಂಡಿ ಮುಟ್ಟಿತ್ತು. ರುಕ್ಕೂ ತಾಯಿಯನ್ನು ಒಂದು ಸಲ ನೋಡಿದಳು.

"ಬಂಡಿ ತಿರುಗಸ್ರಿ," ಎಂದಳು.

ಆ ಮಾತು ಕೇಳಿ ನನಗೆ ನಿಜವಾಗಿ ಸಂಕಟವಾಯಿತು. ಕಣ, ರುಮಾಲು, ರಾಘಪ್ಪ ಎಲ್ಲ ಮರೆತುಹೋಯಿತು. ಒಬ್ಬ ಹೆಂಗಸು ತನ್ನ ತವರಿನ ಬಾಗಿಲಿಂದ ಬೇವುಬೆಲ್ಲ ತಿನ್ನದೆ ಹಿಂದಿರುಗುತ್ತಿದ್ದಳು, ಅದೂ ನಾನು ಒಂದು ಸಾಲು ಓದದೆ ಇದ್ದದ್ದಕ್ಕೆ.

ಭೀಮಕ್ಕತ್ತೆಗೆ ಮಾತ್ರ ಇದ್ಯಾವುದೂ ಇಲ್ಲ. "ತಿರುಗಿಸೋದು ಆಮ್ಯಾಲೆ! ದೇವರು ಬಿಸಿಲಾಗ ಒಣಗಲಿಕ್ಕೆ ಹತ್ತ್ಯಾನ, ನೈವೇದ್ಯದ ಹೊತ್ತು ಮೀರೇದ! ಸೀನೂ, ಮಡಿ ಪಂಚಿ ಉಟ್ಟೀಯಲ್ಲ, ಮೊದಲು ಒಳಗ ಇಳಸು!" ಎಂದು ಕೂಗಿದಳು.

ತಲೆಯಲ್ಲಿ ಏನೂ ಇರಲಿಲ್ಲ. ಕೈ ತನ್ನ ದಿನದ ಕೆಲಸ ಮಾಡಿತು. ಬಂಡಿಯ ಹಿಂದೆ ಬಗ್ಗಿ, ಕಲ್ಲನ್ನು ತಬ್ಬಿ, ಎದೆಗವಚಿಕೊಂಡು, ಎದ್ದೆ. ಹತ್ತು ಹೆಜ್ಜೆ ನಡೆದೆ. ಅಡ್ಡ ನಿಂತಿದ್ದ ರಾಘಪ್ಪನಿಗೆ "ಸರಿಯೋ, ಹೊಸ್ತಿಲು ಕಾಣವಲ್ದು," ಎಂದೆ. ಹೊಸ್ತಿಲು ದಾಟಿ, ಪಡಸಾಲೆ ದಾಟಿ, ದೇವರ ಮನೆಯಲ್ಲಿ ಮೆಲ್ಲಗೆ ಇಳಿಸಿ, ಬಾಲವನ್ನು ಬಲಕ್ಕೆ ತಿರುಗಿಸಿ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದೆ. "ನಡಿ ರುಕ್ಕೂ, ಹೋಗೋಣ," ಎಂದೆ.

ಷಡ್ಡಕರ ಬಾಯಿ ತೆರೆದಿತ್ತು.

ರುಕ್ಕೂ ಬಂಡಿಯಿಂದ ಹಾರಿದಳು. ಭರಣಿಯಿಂದ ದಾರ ತೆಗೆದು ತಮ್ಮನ ಮುಖಕ್ಕೆ ಹಿಡಿದಳು. "ಹೋಗು ರಾಘೂ. ಆ ಕಲ್ಲು ಅಳಿ, ಈ ಕಲ್ಲು ಅಳಿ. ಒಂದು ಎಳಿ ಕಡಿಮಿ ಬಂದ್ರ ನಾ ಹೊಂಟೆ."

ರಾಘಪ್ಪ ಒಳಗೆ ಹೋಗಿ ಅಳೆದ. ಗುಡಿಗೆ ಓಡಿ ಅಳೆದ. ಗಂಟಿನಿಂದ ಗಂಟಿಗೆ. ಬೆವರುತ್ತ ಬಂದು ನಿಂತ. ರುಕ್ಕೂ ಉತ್ತರಕ್ಕೆ ಕಾಯಲಿಲ್ಲ. ಅವನ ಮುಖ ನೋಡಿ ಹೊಸ್ತಿಲು ದಾಟಿ ತಾಯಿಯನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು. ನಾನು ಎದೆ ಉಬ್ಬಿಸಿ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ರುಮಾಲಿಗಾಗಿ ಸಿದ್ಧನಾಗಿ ನಿಂತೆ.

ಆಗ ರಾಘಪ್ಪ ಎರಡೂ ಕೈ ಮುಗಿದು ಕೂಗಿದ:

"ಭೀಮಸೇನ ಎತ್ತಲಾರದ ಬಾಲ ಅದು! ನಮ್ಮ ಭಾವನವರ ಕೈಯಾಗ ಎದ್ದೀತೇನು? ಈಗ ಗುಡಿ ಮುಂದ ನೋಡಿದಿವಲ್ಲ ಇವರ ಶಕ್ತಿ! ಸ್ವಾಮಿ ತಾನಾಗೇ ಎದ್ದು, ಹಗುರಾಗಿ ಮನಿಯೊಳಗ ಬಂದಾನ! ನಮ್ಮ ಅಕ್ಕನ ಆಣಿ ಉಳಸ್ಯಾನ!"

"ಹೌದು ಹೌದು!" ಎಂದಿತು ಊರು. "ನಾ ಹೇಳಿರಲಿಲ್ಲೇನು?" ಎಂದಳು ಭೀಮಕ್ಕತ್ತೆ. ಜರಿ ರುಮಾಲು ಒಳಗೆ ಹೋಯಿತು. ಕಲ್ಲಿಗೆ ಸುತ್ತಿದರು. ಅದಕ್ಕೆ ಚೆನ್ನಾಗಿ ಒಪ್ಪಿತು.

ನನ್ನ ಮುಂದೆ ತಟ್ಟೆ ಬಂತು. ಈ ಸಲ ಕೆಂಪು ಕಣ. ತೆಗೆದುಕೊಳ್ಳಲು ಬಗ್ಗಿದೆ. ಕಳಕ್ ಎಂದಿತು. ಕುರುಗೋಡಿನ ಬೆಟ್ಟ ಹೊತ್ತಾಗ ಸುಮ್ಮನಿದ್ದ ಸೊಂಟ, ಮೊಳದಷ್ಟು ಬಟ್ಟೆಗೆ ಹಿಡಿದುಕೊಂಡುಬಿಟ್ಟಿತು!

ದೇವರನ್ನು ದೇಶನೂರಿನವರು ಹಿಂದಕ್ಕೆ ಕಳಿಸಲಿಲ್ಲ. ಹಿಂದಿರುಗುವ ಬಂಡಿಯಲ್ಲಿ ನಾನು ಬೋರಲಾಗಿ ಮಲಗಿದ್ದೆ. ರುಕ್ಕೂ ಸೊಂಟಕ್ಕೆ ಎಣ್ಣೆ ತಿಕ್ಕುತ್ತ ಮೆಲ್ಲಗೆ ಹೇಳಿದಳು: "ಎತ್ತಿದ್ದು ನೀವೇ ಅಂತ ನನಗ ಗೊತ್ತದ. ಆದ್ರ ಯಾರ ಮುಂದೂ ಅನಬ್ಯಾಡ್ರಿ. ಬರೋ ವರ್ಷ ಮತ್ತ ಎತ್ತು ಅಂತಾರ." ನನ್ನ ಸಂಸಾರದಲ್ಲಿ ಬುದ್ಧಿಯ ಪಾಲು ಯಾರಿಗೆ ಹೋಗಿದೆ ಎಂಬುದು ಆಗ ತಿಳಿಯಿತು.

ಕಚೇರಿಯಲ್ಲಿ ವೆಂಕೋಬರಾಯರು ನನ್ನ ತೋಳನ್ನು ಎಲ್ಲರಿಗೂ ಹಿಡಿದು ತೋರಿಸಿ, "ನೋಡ್ರೀ, ಇಂಗ್ಲಿಷ್ ಮಾಲು!" ಎಂದರು. ಮರುವಾರ ತಾವೂ ಅದೇ ರಾಣಿಯ ಪೆಟ್ಟಿಗೆ ತಂದುಕೊಂಡರು. ಅವರು ಮೇಲಿನವರು, ನಾನು ಏನೂ ಹೇಳಲಿಲ್ಲ. ಪುಸ್ತಿಕೆಯ ನಕಲು ಬೇಕೆಂದರು. ಇನ್ನೊಂದು ತೆಗೆದುಕೊಟ್ಟೆ, ಮೊದಲ ಸಾಲಿನ ಸಮೇತ. ಅವರೂ ಓದಿಲ್ಲ.

ಹೀಗೆ ನನ್ನ ಭುಜಬಲದಲ್ಲಿ ಅರ್ಧ ಹನುಮಪ್ಪನಿಗೆ ಹೋಯಿತು, ಅರ್ಧ ಇಂಗ್ಲೆಂಡಿಗೆ ಹೋಯಿತು. ಸೊಂಟನೋವನ್ನು ಮಾತ್ರ ಯಾರೂ ಕೇಳಲು ಬರಲಿಲ್ಲ. ಅದು ಪೂರ್ತಿ ನನ್ನದೇ!